ಬೂದಿಗೆ ಕೊಡೆ ಹಿಡಿಯುವ ಊರು

ಇಳಕಲ್

ಜ್ವಾಲಾಮುಖಿಯ ಚಿತ್ರವನ್ನು ಹುನಗುಂದದ ಹೈಸ್ಕೂಲಿನ ಕರಿಹಲಗೆಯ ಮೇಲೆ ವರ್ಷಕ್ಕೊಮ್ಮೆ ಬರೆಯುವುದು ನನ್ನ ನೌಕರಿಯ ಭಾಗವಾಗಿತ್ತು. ಕೆಳಗೊಂದು ಹೊಟ್ಟೆ, ಅದರಿಂದ ಮೇಲಕ್ಕೊಂದು ಕೊಳವೆ, ತುದಿಯಲ್ಲಿ ಬಾಯಿ. ಲಾವಾ ಹರಿಯುವಲ್ಲಿ ಕೆಂಪು ಸೀಮೆಸುಣ್ಣ. ಕೆಂಪು ಸಿಗದ ವರ್ಷ ಹಳದಿಯಲ್ಲಿ ಬರೆದು, "ಇದನ್ನ ಕೆಂಪು ಅಂತ ತಿಳ್ಕೋರಿ" ಎಂದದ್ದೂ ಉಂಟು. ಭೂಗೋಳದ ಟೀಚರು ನಾನು. ಸಹಾರಾ ನೋಡದೆ ಸಹಾರಾ ಕಲಿಸಿದೆ, ನಯಾಗರಾ ನೋಡದೆ ನಯಾಗರಾ ಕಲಿಸಿದೆ. ಅದಕ್ಕೇನೂ ಬೇಸರವಿಲ್ಲ. ಆದರೆ ಬೆಂಕಿ ಕಾರುವ ಗುಡ್ಡವೊಂದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಮಾತ್ರ ನಾನು ನಿವೃತ್ತಳಾದ ಮೇಲೂ ನಿವೃತ್ತಿಯಾಗಲಿಲ್ಲ.

ದಾರಿ ತೆರೆದವನು ನನ್ನ ತಮ್ಮ ಸಂಗಪ್ಪ. ಇಳಕಲ್ ಎಂದರೆ ಹೊರಗಿನವರಿಗೆ ಸೀರೆ. ನಮಗೆ ಸೀರೆಯಷ್ಟೇ ಕಲ್ಲು. ಊರ ಸುತ್ತಲಿನ ನೆಲದಡಿ ಗುಲಾಬಿ ಬಣ್ಣದ ಗ್ರಾನೈಟು ಮಲಗಿದೆ. ಅದನ್ನು ಕೊಯ್ದು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಸಂಗಪ್ಪನದು. ಮೀಸೆ ಮೂಡುವ ವಯಸ್ಸಿನಲ್ಲಿ ಬೇರೆಯವರ ಖಣಿಯಲ್ಲಿ ಡ್ರಿಲ್ಲು ಹಿಡಿದು ಶುರು ಮಾಡಿದವನು ಈಗ ತನ್ನದೇ ಶೆಡ್ಡಿನ ಧಣಿ. ಮಾತು ಜೋರು, ನಗು ಜೋರು, ಎರಡರ ನಡುವೆ ಒಂದು ಕೆಮ್ಮು. ಆ ಕೆಮ್ಮು ನಮ್ಮ ಮನೆಯಲ್ಲಿ ಬೈಕಿನ ಹಾರನ್ ಇದ್ದಂತೆ. ಓಣಿಯಲ್ಲಿ ಕೇಳಿಸಿದರೆ ಸಂಗಪ್ಪ ಬಂದ ಎಂದು ಚಹಾಕ್ಕೆ ಇಡುತ್ತೇವೆ.

ಒಂದು ದಿನ ಅವನ ಫೋನು ಬಂತು.

"ಅಕ್ಕಾ, ಇಟಲಿಗೆ ಹೊಂಟೇನಿ. ಕಲ್ಲಿನ ಮಷೀನು ಎಲ್ಲಾ ಒಂದ ಕಡೆ ಇಟ್ಟು ತೋರಸ್ತಾರಂತ. ಒಬ್ಬನ ಹೋಗಾಕ ಮನಸ್ಸಿಲ್ಲ. ಮಹಾದೇವಿ ವಿಮಾನ ಅಂದ್ರ ಒಲ್ಲೆ ಅಂತಾಳ. ನೀ ಬರ್ತೀ ಏನು? ನಿನಗ ಇಂಗ್ಲಿಷ್ ಬರ್ತೈತಿ." ಮಹಾದೇವಿ ಅವನ ಹೆಂಡತಿ.

"ನನ್ನ ಇಂಗ್ಲಿಷು ಹುನಗುಂದದ್ದೋ. ಇಟಲಿ ಮಂದಿಗೆ ತಿಳೀತೈತೇನು?"

"ಅವರದೂ ಅಷ್ಟಕ್ಕಷ್ಟ ಅಂತ. ಹೊಂದ್ಕೊಂಡ ಹೋಗ್ತೈತಿ."

"ಹಂಗಾದ್ರ ಬರ್ತೇನಿ. ಆದ್ರ ಇಟಲಿ ಕೆಳಗ ಸಿಸಿಲಿ ಅಂತ ಒಂದು ದ್ವೀಪ ಐತಿ, ಅಲ್ಲೆ ಎಟ್ನಾ ಅಂತ ಜ್ವಾಲಾಮುಖಿ. ಅಲ್ಲಿಗೆ ನನ್ನ ಕರಕೊಂಡ ಹೋಗಬೇಕು."

"ಬೆಂಕಿ ಮುಂದ ನಿಂತು ಏನ್ ಮಾಡ್ತೀ ಅಕ್ಕಾ?"

"ನಿನ್ನ ಕಲ್ಲು ಹೆಂಗ ಹುಟ್ಟಿತು ಅಂತ ತೋರಸ್ತೇನಿ, ಬಾ."

"ನನ್ನ ಕಲ್ಲು ಇಳಕಲ್ಲಾಗ ಹುಟ್ಟೇತಿ," ಎಂದು ನಕ್ಕ, ಕೆಮ್ಮಿದ, ಫೋನಿಟ್ಟ. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತದೆ, "ಭಾಳ ಹತ್ರ ಹೋಗಬ್ಯಾಡ" ಎಂದರು, ಅಡುಗೆಮನೆಯ ಒಲೆಯ ಬಗ್ಗೆ ಹೇಳಿದ ಹಾಗೆ.

ವೆರೋನಾ

ಕಲ್ಲಿನ ಯಂತ್ರಗಳ ಆ ಪ್ರದರ್ಶನ ಬಾದಾಮಿ ಊರಿನಷ್ಟು ದೊಡ್ಡದಿತ್ತು ಎಂದರೆ ಹೆಚ್ಚಾಗಲಾರದು. ಎಲ್ಲಿ ನೋಡಿದರೂ ಕೊಯ್ಯುವ ಗರಗಸ, ಉಜ್ಜುವ ಚಕ್ರ, ಎಲ್ಲದರ ಮೇಲೂ ನೀರಿನ ಧಾರೆ. ಬಿಳಿ ಅಂಗಿ ಹಾಕಿಕೊಂಡವರು ಕಲ್ಲು ಕೊಯ್ಯುತ್ತಿದ್ದರು, ಅಂಗಿ ಬಿಳಿಯಾಗಿಯೇ ಉಳಿಯುತ್ತಿತ್ತು. ಇಳಕಲ್ಲಿನ ಶೆಡ್ಡಿನಿಂದ ಸಂಜೆ ಹೊರಬೀಳುವವರನ್ನು ಕಂಡವಳು ನಾನು. ರೆಪ್ಪೆಗಳೂ ಬೆಳ್ಳಗಾಗಿ ಎಲ್ಲರೂ ಒಂದೇ ದಿನದಲ್ಲಿ ಮುದುಕರಾದಂತೆ ಕಾಣುತ್ತಾರೆ. "ನೋಡಲೇ, ಇಲ್ಲೆ ಧೂಳ ಇಲ್ಲ" ಎಂದೆ. ಸಂಗಪ್ಪ, "ಇವರ ನೀರಿನ ಬಿಲ್ ಯಾರ ತುಂಬ್ತಾರೋ" ಎಂದು ಮುಂದೆ ಹೋದ.

ಅಷ್ಟರಲ್ಲಿ ಅವನಿಗೊಬ್ಬ ನೆಂಟ ಸಿಕ್ಕ. ಒಂದು ಮಳಿಗೆಯಲ್ಲಿ ಆಳೆತ್ತರದ ಗುಲಾಬಿ ಹಲಗೆ ನಿಂತಿತ್ತು. ಸಂಗಪ್ಪ ದೂರದಿಂದಲೇ ಗುರುತು ಹಿಡಿದು, ಹೋಗಿ ಅದನ್ನು ಅಪ್ಪಿಕೊಂಡ. "ನಮ್ಮೂರ ಕಲ್ಲ ಅಕ್ಕಾ! ನೋಡು, ನಮ್ಮೂರ ಕಲ್ಲ!" ಮಳಿಗೆಯ ಹುಡುಗಿ ಗಾಬರಿಯಾದಳು. ನಾನು ನನ್ನ ಹುನಗುಂದದ ಇಂಗ್ಲಿಷಿನಲ್ಲಿ, ಈ ಕಲ್ಲು ಮತ್ತು ಈ ಮನುಷ್ಯ ಒಂದೇ ಊರಿನವರು ಎಂದು ವಿವರಿಸಿದೆ. ಅವಳು ನಕ್ಕು, ಇಬ್ಬರದೂ ಜೋಡಿ ಫೋಟೋ ತೆಗೆದುಕೊಟ್ಟಳು. ಸಂಗಪ್ಪ ಅದನ್ನು ಕೂಡಲೇ ಮಹಾದೇವಿಗೆ ಕಳಿಸಿದ. ಉತ್ತರವೂ ಕೂಡಲೇ ಬಂತು: "ಹಿತ್ತಲದಾಗ ಬಿದ್ದ ಕಲ್ಲ ನೋಡಾಕ ಅಷ್ಟ ದೂರ ಹೋಗೀರೇನು?"

ಕತಾನಿಯಾ

ಸಿಸಿಲಿಯ ಮೇಲೆ ವಿಮಾನ ಇಳಿಯುವಾಗ ಎಡಗಡೆಯ ಕಿಟಕಿಯವರೆಲ್ಲ ಒಮ್ಮೆಲೇ ಫೋನೆತ್ತಿದರು. ಮೋಡಗಳ ಮೇಲೆ ಎಟ್ನಾ ಕೂತಿತ್ತು. ನೆತ್ತಿಯಿಂದ ಬೆಳ್ಳನೆಯ ಹೊಗೆ ಗಾಳಿ ಬೀಸಿದ ಕಡೆಗೆ ವಾಲಿತ್ತು. ಸಂಗಪ್ಪ ಬಗ್ಗಿ ನೋಡಿ, "ಬೆಲ್ಲದ ಗಾಣದ್ದ ಚಿಮಣಿ ಇದ್ದಂಗ ಐತಲ್ಲ" ಎಂದ.

ಎಟ್ನಾದ ಬುಡದ ಊರು ಕತಾನಿಯಾ. ರಸ್ತೆ ಕಪ್ಪು, ಗೋಡೆ ಕಪ್ಪು, ಚರ್ಚಿನ ಮೆಟ್ಟಿಲು ಕಪ್ಪು. ನಡುಚೌಕದಲ್ಲೊಂದು ಆನೆ, ಅದೂ ಕಪ್ಪು. ಎಲ್ಲವೂ ಎಟ್ನಾ ಕಾರಿದ ಲಾವಾ ಆರಿ ಆದ ಕಲ್ಲು. ಗುಡ್ಡ ಹಿಂದೊಮ್ಮೆ ಈ ಊರಿನ ಗೋಡೆಯ ತನಕ ಹರಿದು ಬಂದಿತ್ತು. ಜನ ಓಡಿಹೋದರು, ತಿರುಗಿ ಬಂದು ಅದೇ ಕಲ್ಲು ಒಡೆದು ಮನೆ ಕಟ್ಟಿಕೊಂಡರು. ಸಂಗಪ್ಪ ಹೆಬ್ಬೆರಳಿನಿಂದ ಗೋಡೆಯೊಂದನ್ನು ಉಜ್ಜಿ, "ಹರಳ ಇಲ್ಲ. ಬರೇ ಮಸಿ" ಎಂದು ತೀರ್ಪು ಕೊಟ್ಟ.

ನಾವು ಉಳಿದದ್ದು ಸಿನ್ಯೋರಾ ಕಾರ್ಮೆಲಾ ಎಂಬ ವಿಧವೆಯ ಮನೆಯ ಎರಡು ಕೋಣೆಗಳಲ್ಲಿ. ಮೂರನೆಯ ಮಹಡಿ. ಕೆಳಗೆ ತರಕಾರಿ ಗಾಡಿ ಬಂದರೆ ಆಕೆ ಇಳಿಯುವುದಿಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಬಿಡುತ್ತಾರೆ, ಟೊಮೆಟೊ ಹಾಕಿಸಿಕೊಂಡು ಬಾವಿಯಿಂದ ಕೊಡ ಸೇದಿದಂತೆ ಮೇಲಕ್ಕೆ ಸೇದುತ್ತಾರೆ. ಜೊತೆಗೆ ಇಡೀ ಓಣಿಗೆ ಕೇಳುವ ಹಾಗೆ ಚೌಕಾಶಿ. ಜಗಳವೇನೋ ಎಂದು ಮೊದಲ ದಿನ ಹೆದರಿದೆವು. ಅದು ಪ್ರೀತಿಯ ಮಾತು ಎಂದು ಎರಡನೆಯ ದಿನ ತಿಳಿಯಿತು. ಇಲ್ಲಿಯವರು ಮಾತಾಡುವುದು ಕೈಯಲ್ಲಿ. ಐದೂ ಬೆರಳು ಕೂಡಿಸಿ ಅಲ್ಲಾಡಿಸಿದರೆ 'ಏನ್ ಹೇಳ್ತೀಯೋ ಮಾರಾಯಾ' ಎಂದರ್ಥ. ಸಂಗಪ್ಪ ಅದನ್ನು ಅರ್ಧ ದಿನದಲ್ಲಿ ಕಲಿತು ನನ್ನ ಮೇಲೆ ಪ್ರಯೋಗಿಸತೊಡಗಿದ.

ಮರುದಿನ ಬೆಳಗಿನ ತಿಂಡಿಗೆ ಕೂತಾಗ ಕಾರ್ಮೆಲಾ ನನ್ನ ತಮ್ಮನ ಕಡೆ ತಿರುಗಿ, "ಗ್ರಾನೀತಾ?" ಎಂದರು.

ಸಂಗಪ್ಪನ ಮುಖ ಅರಳಿತು. "ನೋಡಕ್ಕಾ, ನನ್ನ ಧಂದೆ ಇವರಿಗೆ ಹೆಂಗ ಗೊತ್ತಾತು?" ಎಂದವನೇ ಒಳಗೆ ಓಡಿ, ವೆರೋನಾದಲ್ಲಿ ತೋರಿಸಲೆಂದು ತಂದಿದ್ದ ಗುಲಾಬಿ ಕಲ್ಲಿನ ಬಿಲ್ಲೆಯನ್ನು ತಂದು ಮೇಜಿನ ಮೇಲಿಟ್ಟ. "ಎಸ್, ಗ್ರಾನೈಟ್! ಇಳಕಲ್ ಗ್ರಾನೈಟ್!"

ಕಾರ್ಮೆಲಾ ಆ ಬಿಲ್ಲೆಯನ್ನು ನೋಡಿದರು. ಅವನನ್ನು ನೋಡಿದರು. ಐದೂ ಬೆರಳು ಕೂಡಿಸಿ ಅಲ್ಲಾಡಿಸಿದರು. ಆಮೇಲೆ ಅಡುಗೆಮನೆಯಿಂದ ಗಾಜಿನ ಬಟ್ಟಲಲ್ಲಿ ಬಾದಾಮಿ ಹಾಲನ್ನು ಹರಳು ಹರಳಾಗಿ ಹೆಪ್ಪುಗಟ್ಟಿಸಿದ ಬರ್ಫವನ್ನು ತಂದು ಕಲ್ಲಿನ ಪಕ್ಕದಲ್ಲಿಟ್ಟರು. ಗ್ರಾನೀತಾ ಎಂದರೆ ಅದು. ಮೃದುವಾದ ಬನ್ನಿನ ಜೊತೆ ಬೆಳಗ್ಗೆ ತಿನ್ನುವುದು ಇಲ್ಲಿಯ ಪದ್ಧತಿ. ನಾನು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆದರೆ ಟೀಚರ್ ಬುದ್ಧಿ ಬಿಡಲಿಲ್ಲ. "ಎರಡೂ ಒಂದ ಮಾತಿನಿಂದ ಬಂದಾವೋ. ಗ್ರಾನೋ ಅಂದ್ರ ಕಾಳು. ನಿನ್ನ ಕಲ್ಲಿನ್ಯಾಗೂ ಕಾಳು ಕಾಳು ಕಾಣತಾವ, ಇದರಾಗೂ ಕಾಳು ಕಾಳು."

"ಇದು ಕರಗ್ತೈತಿ," ಎಂದು ಸಂಗಪ್ಪ ಎರಡನೆಯ ಬಟ್ಟಲು ಕೇಳಿದ.

ಆ ಮಧ್ಯಾಹ್ನವೇ ಎಟ್ನಾ ತನ್ನ ಪರಿಚಯ ಮಾಡಿಕೊಂಡಿತು. ಊಟಕ್ಕೆ ಕಾರ್ಮೆಲಾ ಕರಿದ ಬದನೆಕಾಯಿ, ಟೊಮೆಟೊ ಹಾಕಿದ ಪಾಸ್ತಾ ಮಾಡಿದ್ದರು. ಎಣ್ಣೆಗಾಯಿಯ ದೂರದ ತಂಗಿಯೆಂದು ತಿಳಿದು ಉಂಡು ಬೀದಿಗಿಳಿದೆವು. ಬಿಸಿಲು ಮಬ್ಬಾಯಿತು. ತಲೆಯ ಮೇಲೆ ಟಪ್ ಟಪ್ ಎಂದು ಏನೋ ಉದುರಿತು. ಮಳೆಯೆಂದು ಕೈ ಒಡ್ಡಿದರೆ ಅಂಗೈಯಲ್ಲಿ ಸಾಸಿವೆಯಷ್ಟು ಕರಿಯ ಹರಳು. ಬೂದಿಯ ಮಳೆ! ಓಡುವವರು ಯಾರೂ ಇಲ್ಲ. ಹೆಂಗಸರು ಚೀಲದಿಂದ ಕೊಡೆ ತೆಗೆದರು, ಗಂಡಸರು ಕಾಫಿ ಮುಗಿಸಿಕೊಂಡೇ ಎದ್ದರು, ಅಂಗಡಿಯವನೊಬ್ಬ ಮುಚ್ಚಿದ ಕೊಡೆಗಳ ಗೊಂಚಲನ್ನು ಬಾಗಿಲಿಗೆ ತಂದು ತೂಗುಹಾಕಿದ. ನಾವು ಮನೆಗೆ ಬರುವಷ್ಟರಲ್ಲಿ ಕಾರ್ಮೆಲಾ ಬಾಲ್ಕನಿ ಗುಡಿಸಿ, ಬೂದಿಯನ್ನು ಚೀಲಕ್ಕೆ ತುಂಬುತ್ತಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಅಂಗಳಕ್ಕೆ ಹೊಟ್ಟು ಹಾರಿ ಬಂದರೆ ಗೊಣಗುವಷ್ಟೇ ಗೊಣಗುತ್ತಿದ್ದರು.

ಅವರು ಎಟ್ನಾವನ್ನು ಎಟ್ನಾ ಎನ್ನುವುದಿಲ್ಲ. 'ಮುಂತಾನ್ಯಾ' ಎನ್ನುತ್ತಾರೆ, ಅಂದರೆ ಗುಡ್ಡ, ಅದೂ ಹೆಣ್ಣುಗುಡ್ಡ. "ಇವತ್ತು ಆಕೆಗೆ ಹೊಟ್ಟೆ ಸರಿ ಇಲ್ಲ" ಎಂದು ಕಾರ್ಮೆಲಾ ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರು. ನೆಲದಡಿಯ ಕರಗಿದ ಕಲ್ಲು, ಅದರಲ್ಲಿ ಅಡಗಿದ ಅನಿಲ, ಮೇಲೆ ಬಂದಂತೆ ಒತ್ತಡ ಕಡಿಮೆಯಾಗಿ ಸೋಡಾ ಬಾಟಲಿಯಂತೆ ಉಕ್ಕುವುದು, ಇವನ್ನೆಲ್ಲ ಒಂದು ಇಡೀ ಪಿರಿಯಡ್ಡು ತೆಗೆದುಕೊಂಡು ವಿವರಿಸುತ್ತಿದ್ದೆ ನಾನು. ಆಕೆ ಒಂದೇ ಬೆರಳಿನಲ್ಲಿ ಮುಗಿಸಿದರು.

ಬಚ್ಚಲಲ್ಲಿ ಹಿಮ್ಮಡಿ ಉಜ್ಜುವ ಬೂದುಬಣ್ಣದ ಕಲ್ಲೊಂದಿತ್ತು. ಅದನ್ನು ಬಕೆಟ್ಟಿನ ನೀರಿಗೆ ಹಾಕಿ ಸಂಗಪ್ಪನನ್ನು ಕರೆದೆ. ಕಲ್ಲು ತೇಲುತ್ತಿತ್ತು. ಅವನು ಅದನ್ನು ಒತ್ತಿ ಮುಳುಗಿಸಿದ, ಎದ್ದು ಬಂತು. ಮತ್ತೆ ಒತ್ತಿದ, ಮತ್ತೆ ಎದ್ದಿತು.

"ಇದು ಕಲ್ಲ ಅಲ್ಲ ಬಿಡ," ಎಂದ.

"ಕಲ್ಲ ಹೌದು. ಗಾಳಿ ತುಂಬಿದ ನೊರಿ ಹಂಗ ಹಾರಿ ಬಿದ್ದು ಗಟ್ಟಿಯಾಗೇತಿ."

"ಇಂಥಾ ಕಲ್ಲ ಮಾರಿದ್ರ ಗಿರಾಕಿ ನನ್ನ ಹೊಡೀತಾರ."

ಎಟ್ನಾ

ಗುಡ್ಡಕ್ಕೆ ಹೋಗಲು ಅಪ್ಪಣೆ ಸಿಗುವವರೆಗೆ ಕಾಯಬೇಕಾಯಿತು. ಆಕೆಯ ಹೊಟ್ಟೆ ಸರಿಯಾದ ಮೇಲೆ ನೀನೋ ಎಂಬ ಮಾರ್ಗದರ್ಶಿ ತನ್ನ ಜೀಪಿನಲ್ಲಿ ನಮ್ಮನ್ನು ಹತ್ತಿಸಿಕೊಂಡ. ತೆಳ್ಳಗಿನ ನಡುವಯಸ್ಸಿನ ಮನುಷ್ಯ. ಪ್ರತಿ ತಿರುವಿನಲ್ಲೂ ಎರಡೂ ಕೈ ಬಿಟ್ಟು ಮಾತಾಡುತ್ತಿದ್ದ.

ಕೆಳಗೆಲ್ಲ ದ್ರಾಕ್ಷಿ, ಕಿತ್ತಳೆ. ಹಳೆಯ ಲಾವಾ ಪುಡಿಯಾಗಿ ಆದ ಮಣ್ಣು, ಏನು ಬಿತ್ತಿದರೂ ಬರುತ್ತದಂತೆ. ಬಾಗಲಕೋಟೆ ದಾಟಿ ವಿಜಯಪುರದ ಕಡೆ ಹೋದರೆ ಕಾಣುವ ನಮ್ಮ ಎರೆಭೂಮಿಯೂ ಹೀಗೆಯೇ ಲಾವಾದ ಮಗಳು. ಬಿಳಿಜೋಳ ತಿನ್ನುವ ನಾವೂ ಜ್ವಾಲಾಮುಖಿಯ ಋಣದವರೇ. ಇನ್ನೂ ಮೇಲೆ ಹೋದಂತೆ ಹಸಿರು ಕರಗಿತು. ಒಂದು ಕಡೆ ಮನೆಯ ಹೆಂಚಿನ ಮಾಡು ಮಾತ್ರ ಕಪ್ಪುಕಲ್ಲಿನಿಂದ ಹೊರಗೆ ಇಣುಕುತ್ತಿತ್ತು. ಉಳಿದ ಮನೆ ಒಳಗಿದೆ. "ಮಂದಿ?" ಎಂದೆ. "ಹೋದರು, ಪಾತ್ರೆ ಪಗಡೆ ಎಲ್ಲ ತಗೊಂಡು. ನಮ್ಮ ಲಾವಾ ನಿಧಾನ, ನಡಕೊಂಡು ಬರುತ್ತೆ," ಎಂದ ನೀನೋ ಹೆಮ್ಮೆಯಿಂದ.

ಒಮ್ಮೆಲೇ ಸಿಡಿಯದೆ ಹೀಗೆ ಹರಿದು ಬರುವುದು ಯಾಕೆ ಎಂದು ತಮ್ಮ ಕೇಳಿದ. ಇಷ್ಟು ವರ್ಷಗಳ ಮೇಲೆ ನನಗೊಬ್ಬ ವಿದ್ಯಾರ್ಥಿ ಸಿಕ್ಕಿದ್ದ.

"ಕರಗಿದ ಕಲ್ಲಿನ್ಯಾಗ ಸಿಲಿಕಾ ಅಂತ ಇರ್ತೈತಿ, ಮರಳಿನ ಸತ್ವ ಅಂತ ತಿಳಕೋ. ಅದು ಕಡಿಮಿ ಇದ್ರ ಲಾವಾ ಅಂಬಲಿ ಇದ್ದಂಗ, ಹರೀತೈತಿ. ಎಟ್ನಾದ್ದು ಹಂಗ. ಸಿಲಿಕಾ ಹೆಚ್ಚಿದ್ರ ಸಂಗಟಿ, ಮುದ್ದಿ ಹಂಗ ಗಟ್ಟಿ. ಸಂಗಟಿ ಕುದಿವಾಗ ನೋಡಿಯಲ್ಲ, ಗುಳ್ಳಿ ದಾರಿ ಸಿಗಲಾರದ ಒಡದು ಕೈ ಸುಡ್ತೈತಿ. ಅಂಥಾ ಗುಡ್ಡ ಒಡದ್ರ ಊರಿಗೆ ಊರ ಹೋಗ್ತಾವ."

"ನನ್ನ ಕಲ್ಲು?"

"ನಿನ್ನದು ಸಂಗಟಿ. ಆದ್ರ ಹೊರಗ ಬರ್ಲೇ ಇಲ್ಲ. ನೆಲದ ಹೊಟ್ಟಿಯೊಳಗ ಲಕ್ಷಗಟ್ಟಲೆ ವರ್ಷ ಸಾವಕಾಶ ತಣ್ಣಗಾತು. ಪಾಕ ಸಾವಕಾಶ ಆರಿದ್ರ ಕಲ್ಲುಸಕ್ರಿ, ದೊಡ್ಡ ದೊಡ್ಡ ಹರಳು. ಗಡಾನ ಆರಿದ್ರ ಹರಳು ಕಟ್ಟಾಕ ವ್ಯಾಳ್ಯಾನ ಸಿಗೂದಿಲ್ಲ. ಅದಕ್ಕ ಇಲ್ಲೀದು ಬರೇ ಮಸಿ. ಮ್ಯಾಲಿನ ಮಣ್ಣೆಲ್ಲಾ ಮಳಿ ಗಾಳಿಗೆ ಸವದು ಹೋದ ಮ್ಯಾಲೆ ನಿನ್ನ ಕಲ್ಲು ಬಿಸಲ ಕಂಡಿತು."

"ಬಾದಾಮಿ ಗುಡ್ಡಾನೂ ಕೆಂಪ ಅದಾವಲ್ಲ?"

"ಬಣ್ಣ ಒಂದ, ಕುಲ ಬ್ಯಾರೆ. ಅವು ನೀರು ಹೊತ್ತು ತಂದ ಮರಳು ಒತ್ತಿ ಆದವು. ಬೆಂಕಿ ಕಂಡೇ ಇಲ್ಲ."

"ಸಾಲ್ಯಾಗ ನೀನ ನಮ್ಮ ಟೀಚರ್ ಆಗಿದ್ರ ನಾ ಪಾಸಾಗತಿದ್ನಿ ನೋಡು" ಎಂದ.

ಜೀಪು ನಿಂತಲ್ಲಿ ಗಿಡ, ಹಕ್ಕಿ, ಹುಲ್ಲು ಯಾವುದೂ ಇರಲಿಲ್ಲ. ಕಪ್ಪು ಮರಳಿನ ದಿಬ್ಬಗಳು, ಕಾಲಿಟ್ಟರೆ ಸುಟ್ಟ ಇದ್ದಿಲಿನಂತೆ ಚರಚರ. ಕೆಲವೆಡೆ ನೆಲ ಬೆಚ್ಚಗಿತ್ತು. ನಾನು ಬಗ್ಗಿ ಅಂಗೈ ಊರಿದೆ. ಪುಸ್ತಕದ ನೆಲಕ್ಕೆ ಬಿಸಿ ಇರುವುದಿಲ್ಲ. ದೂರದ ಬಾಯಿಯಿಂದ ಆಗಾಗ ಗುಡುಗಿನಂತೆ ಒಂದು ಸದ್ದು ಬರುತ್ತಿತ್ತು, ಅದು ಕಿವಿಗಿಂತ ಮೊದಲು ಪಾದಕ್ಕೆ ತಿಳಿಯುತ್ತಿತ್ತು.

ನೀನೋ ನಮ್ಮಿಬ್ಬರಿಗೂ ತಲೆಗೆ ಹೆಲ್ಮೆಟ್ಟು, ಮೂಗಿಗೆ ದಪ್ಪ ಮುಖವಾಡ ಕೊಟ್ಟ. ಗಾಳಿ ತಿರುಗಿದರೆ ಗಂಧಕದ ಹೊಗೆ ಬರುತ್ತದೆ ಎಂದು ಎಚ್ಚರಿಸಿದ. ಸಂಗಪ್ಪ ಹೆಲ್ಮೆಟ್ಟು ಹಾಕಿಕೊಂಡ, ಮುಖವಾಡವನ್ನು ಜೇಬಿಗೆ ಸೇರಿಸಿದ.

"ಹಾಕ್ಕೋ ಅದನ್ನ."

"ಧೂಳ ಕುಡದ ಬೆಳದಾಂವ ನಾ. ಇದೇನ ಮಾಡ್ತೈತಿ ಅಕ್ಕಾ?"

ಗಾಳಿ ತಿರುಗಿತು. ತೆಳುನೀಲಿಯ ಮಬ್ಬೊಂದು ದಿಬ್ಬ ಇಳಿದು ಬಂತು. ನೂರು ಬೆಂಕಿಕಡ್ಡಿ ಒಟ್ಟಿಗೆ ಗೀರಿದ ವಾಸನೆ. ಮುಖವಾಡದ ಒಳಗೂ ನನ್ನ ಕಣ್ಣು ಉರಿಯಿತು. ಸಂಗಪ್ಪ ಮೊದಲು ನಕ್ಕ, ಆಮೇಲೆ ಕೆಮ್ಮಿದ. ನನಗೆ ಅಷ್ಟು ಪರಿಚಿತವಾದ ಕೆಮ್ಮು ಎಂದಿನಂತೆ ನಿಲ್ಲಲಿಲ್ಲ. ಅವನು ಜೇಬಿನ ಮುಖವಾಡ ಹುಡುಕಿದ, ಕೈಗೆ ಸಿಗಲಿಲ್ಲ. ಮೊಣಕಾಲೂರಿ ಕರಿಮರಳಿನ ಮೇಲೆ ಕೂತ. ಉಸಿರು ಒಳಗೆ ಹೋಗುವಾಗ ಸೀಟಿಯಂಥ ಸದ್ದು. ತುಟಿ ನೋಡಿದೆ, ನೇರಳೆ ತಿಂದಂತಾಗಿತ್ತು.

"ಸಂಗಪ್ಪಾ! ನನ್ನ ಕಡೆ ನೋಡೋ. ಸಂಗಪ್ಪಾ!"

ನೋಡಿದ. ಅವ್ವ ತೀರಿಕೊಂಡ ವರ್ಷ ಸಾಲೆಗೆ ಹೋಗುವ ಮೊದಲು ತಲೆ ಬಾಚಿಸಿಕೊಳ್ಳಲು ನನ್ನ ಮುಂದೆ ಕೂರುತ್ತಿದ್ದ ಪೋರನ ಕಣ್ಣು ಅವು.

ನೀನೋನ ಕೈಗಳು ಮಾತು ನಿಲ್ಲಿಸಿ ಕೆಲಸಕ್ಕಿಳಿದವು. ಸಂಗಪ್ಪನಿಗೆ ಮುಖವಾಡ ಬಿಗಿದು, ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದ. ಇನ್ನೊಂದು ಕಡೆಗೆ ನಾನು. ಮೊಣಕಾಲು ನೋವಿನ ನಾನು ಆ ಜಾರುವ ಮರಳಿನಲ್ಲಿ ಅಷ್ಟು ಭಾರ ಹೊತ್ತು ಹೇಗೆ ಇಳಿದೆನೋ ಈಗಲೂ ತಿಳಿಯದು. ಜೀಪಿನಲ್ಲಿ ಸಣ್ಣದೊಂದು ಆಮ್ಲಜನಕದ ಸಿಲಿಂಡರಿತ್ತು. ಅದರ ನಳಿಗೆಯನ್ನು ಅವನ ಮೂಗಿಗೆ ಹಿಡಿದುಕೊಂಡು ಕೂತೆ. ಹಿಂದೆ ದೊಡ್ಡದೊಂದು ಸದ್ದಾಯಿತು. "ನೋಡಿದ್ರಾ? ಕೆಂಪು! ಕೆಂಪು ಹಾರಿತು!" ಎಂದು ನೀನೋ ಅಭ್ಯಾಸಬಲದಿಂದ ಕೂಗಿದ. ನಾನು ತಿರುಗಲಿಲ್ಲ. ತಮ್ಮನ ತುಟಿಯ ಬಣ್ಣ ನೋಡುತ್ತಿದ್ದೆ.

ಆಸ್ಪತ್ರೆ

ಸಂಜೆಯ ಹೊತ್ತಿಗೆ ಸಂಗಪ್ಪ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಉಸಿರು ಹಗುರಾಗಿತ್ತು. ಸಿಸಿಲಿಯ ಆಸ್ಪತ್ರೆ ನಮ್ಮ ಬಾಗಲಕೋಟೆಯ ದವಾಖಾನೆಯ ಹಾಗೆಯೇ ಇದೆ. ಒಬ್ಬ ರೋಗಿಗೆ ಆರು ಮಂದಿ ನೆಂಟರು, ಎಲ್ಲರ ಕೈಯಲ್ಲೂ ಡಬ್ಬಿ, ಹೊರಗೆ ಹೋಗಿ ಎಂದು ನರ್ಸು ಗದರಿದರೆ ಒಂದು ಬಾಗಿಲಿನಿಂದ ಹೋಗಿ ಇನ್ನೊಂದರಿಂದ ಬರುವವರು. ಸುದ್ದಿ ತಿಳಿದು ಕಾರ್ಮೆಲಾ ಕೂಡ ಡಬ್ಬಿಯೊಡನೆ ಬಂದರು. ನನ್ನನ್ನು ತಬ್ಬಿಕೊಂಡು, ಸಂಗಪ್ಪನಿಗೆ ಐದೂ ಬೆರಳು ಕೂಡಿಸಿ ಅಲ್ಲಾಡಿಸಿ, ಮುಂದಿನ ಹಾಸಿಗೆಯವರ ನೆಂಟರ ಜೊತೆ ಮಾತಿಗೆ ಕೂತರು.

ಡಾಕ್ಟರು ನನಗಿಂತ ಕಿರಿಯ ಹೆಂಗಸು. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಎತ್ತರದವು, ಹೀಗಾಗಿ ಮಾತು ಸರಾಗವಾಯಿತು. ಎದೆಯ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಬಹಳ ಹೊತ್ತು ನೋಡಿ ಕೇಳಿದರು.

"ನಿಮ್ಮ ತಮ್ಮ ಕಲ್ಲಿನ ಕೆಲಸ ಮಾಡುತ್ತಾರೆಯೆ?"

ನಾನು ಯಾರಿಗೂ ಅದನ್ನು ಹೇಳಿರಲಿಲ್ಲ. "ಹೌದು. ಹೇಗೆ ತಿಳಿಯಿತು?"

ಆಕೆ ಪೆನ್ನಿನ ತುದಿಯಿಂದ ತೋರಿಸಿದರು. ಎರಡೂ ಪುಪ್ಪುಸಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಬಿಳಿಚುಕ್ಕೆ. ಯಾರೋ ರವೆ ಚೆಲ್ಲಿದಂತೆ. "ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲು ಕೊಯ್ಯುವವರಲ್ಲಿ ನೋಡಿದ್ದೇನೆ. ಇವತ್ತಿನ ಗಾಳಿ ಕೆಟ್ಟದ್ದು, ಆದರೆ ಅದು ನಾಳೆ ಹೋಗುತ್ತದೆ. ಇದು ಹಳೆಯದು. ಧೂಳು ಒಳಗೆ ಹೋಗಿ ಕೂತಿದೆ. ಸಿಲಿಕಾ."

ಬೆಳಗ್ಗೆ ಅದೇ ಮಾತನ್ನು ಅಂಬಲಿ, ಸಂಗಟಿ ಎಂದು ನಗುತ್ತಾ ವಿವರಿಸಿದ್ದವಳು ನಾನು. ಎಷ್ಟೋ ವರ್ಷ ಕಲಿಸಿದ ಶಬ್ದ ನನ್ನ ತಮ್ಮನ ಎದೆಯಲ್ಲಿ ಸಿಕ್ಕಿತು.

"ವಾಸಿಯಾಗುತ್ತದೆಯೆ?"

ಆಕೆ ಸುಳ್ಳು ಹೇಳಲಿಲ್ಲ. "ಆದದ್ದು ಹಿಂದಕ್ಕೆ ಹೋಗುವುದಿಲ್ಲ. ಹೆಚ್ಚಾಗದಂತೆ ನೋಡಬಹುದು. ಧೂಳು ನಿಲ್ಲಬೇಕು, ಪೂರ್ತಿ ನಿಲ್ಲಬೇಕು. ಊರಿಗೆ ಹೋದ ಮೇಲೆ ಎಲ್ಲ ಪರೀಕ್ಷೆ ಮಾಡಿಸಿ. ಟಿ.ಬಿ.ದೂ ಮಾಡಿಸಿ." ಹೋಗುವಾಗ ತಿರುಗಿ ನಿಂತು ಇನ್ನೊಂದು ಮಾತು ಕೇಳಿದರು. "ಇವರ ಜೊತೆ ಕೆಲಸ ಮಾಡುವವರು ಎಷ್ಟು ಜನ?"

ಕನ್ನಡದಲ್ಲಿ ಅದನ್ನು ಸಂಗಪ್ಪನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಸುತ್ತಿ ಬಳಸಿ ಹೇಳಲು ನೋಡಿದೆ. ಅವನು ನಡುವೆಯೇ ತಡೆದ.

"ಸೀದಾ ಹೇಳಕ್ಕಾ. ಎದ್ಯಾಗ ಕಲ್ಲ ಕುಂತೈತಿ, ಹೌದಿಲ್ಲ?"

"ಹೌದೋ."

ಕಿಟಕಿಯ ಕಡೆ ಮುಖ ತಿರುಗಿಸಿದ. ನಾನೂ ಅತ್ತ ನೋಡಿದೆ. ಬೆಳಕು ಇಳಿಯುತ್ತಿತ್ತು. ಊರಿನ ಮಾಡುಗಳ ಆಚೆ ಎಟ್ನಾ ಕಪ್ಪಗೆ ನಿಂತಿತ್ತು, ಅದರ ಹೆಗಲ ಮೇಲೆ ಕೆಂಪು ದಾರದಂಥ ಗೆರೆಯೊಂದು ನಿಧಾನವಾಗಿ ಕೆಳಕ್ಕೆ ಇಳಿಯುತ್ತಿತ್ತು. ಲಾವಾ. ಜೀವಮಾನವೆಲ್ಲ ಕಾದ ದೃಶ್ಯ. ಚೆಂದವಿತ್ತು, ಸುಳ್ಳೇಕೆ ಹೇಳಲಿ. ಆದರೆ ಮನಸ್ಸು ಅದರಲ್ಲಿ ನಿಲ್ಲಲಿಲ್ಲ.

"ಮಹಾದೇವಿಗೆ ಹೇಳಬ್ಯಾಡ," ಎಂದ. ಸ್ವಲ್ಪ ತಡೆದು, "ಬ್ಯಾಡ, ನಾನ ಹೇಳ್ತೇನಿ" ಎಂದ. ಇನ್ನೂ ಸ್ವಲ್ಪ ತಡೆದು, "ಅಕ್ಕಾ, ನಮ್ಮ ಶೆಡ್ಡಿನ ಗುಡೂರ ಯಮನಪ್ಪ ನನಗಿಂತ ಭಾಳ ಕೆಮ್ಮತಾನ. ನಾ ಅವನ ಬೀಡಿಗೆ ಬೈತಿದ್ನಿ."

ಕಾರ್ಮೆಲಾ ಎದ್ದು ಬಂದು ಡಬ್ಬಿ ತೆರೆದು, ಅವನ ಬಾಯಿಗೊಂದು ಚಮಚ ಗ್ರಾನೀತಾ ಇಟ್ಟರು. ಅವನು ಮಗುವಿನಂತೆ ನುಂಗಿದ.

ಬಾಗಲಕೋಟೆ

ವಿಮಾನ ಹತ್ತುವ ದಿನ ಕಾರ್ಮೆಲಾ ನನಗೊಂದು ಕೊಡೆ ಕೊಟ್ಟರು. ಸಂಗಪ್ಪನಿಗೆ ಮುಖವಾಡಗಳ ದೊಡ್ಡ ಪೊಟ್ಟಣ. ಅದನ್ನು ಅವನು ಕೈಚೀಲದಲ್ಲೇ ಇಟ್ಟುಕೊಂಡ.

ಮಹಾದೇವಿ ಹುಬ್ಬಳ್ಳಿಗೆ ಬಂದಿದ್ದಳು. ಕಾರು ಊರ ಹಾದಿ ಹಿಡಿಯುವ ಮೊದಲೇ ಸಂಗಪ್ಪ ಎಲ್ಲವನ್ನೂ ಹೇಳಿದ, ಏನನ್ನೂ ಬಿಡದೆ. ಅವಳು ಕಣ್ಣೀರಾದಳು, ಆಮೇಲೆ ಸಿಟ್ಟಾದಳು.

"ಅಕ್ಕಾರ, ಇವರಿಗೆ ಎಷ್ಟ ಸಲ ಹೇಳೇನ್ರಿ, ದವಾಖಾನಿಗೆ ತೋರಿಸ್ಕೊಳ್ರಿ ಅಂತ! ಬೆಂಕಿ ಗುಡ್ಡ ಹತ್ತಬೇಕಾಯ್ತೇನ್ರಿ ಇದಕ್ಕ?"

"ಹತ್ತಿದ್ದು ಚಲೋ ಆತು ಬಿಡವಾ," ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಇಳಕಲ್ ಬರುವ ತನಕ ಬಿಡಲಿಲ್ಲ.

ಆಮೇಲಿನ ವಾರಗಳಲ್ಲಿ ಶೆಡ್ಡಿಗೆ ನೀರಿನ ಪೈಪು ಬಂತು. ಒಣಗಲ್ಲು ಉಜ್ಜುವುದು ನಿಂತಿತು. ಮುಖವಾಡ ಹಾಕದವರು ಒಳಗೆ ಬರುವಂತಿಲ್ಲ. "ಮೂಗ ಬೆವರ್ತೈತ್ರಿ ಧಣ್ಯಾರ" ಎಂದು ಗೊಣಗಿದವರಿಗೆ ಸಂಗಪ್ಪ ಬಾಗಿಲಲ್ಲಿ ನಿಂತು ಐದೂ ಬೆರಳು ಕೂಡಿಸಿ ಅಲ್ಲಾಡಿಸಿದ. ಅವನೀಗ ಶೆಡ್ಡಿನ ಒಳಗೆ ಕಾಲಿಡುವುದಿಲ್ಲ. ಹೊರಗಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಕೂಗುತ್ತಾನೆ.

ಒಂದು ಸೋಮವಾರ ಎಲ್ಲರನ್ನೂ ಟೆಂಪೋದಲ್ಲಿ ಕೂರಿಸಿಕೊಂಡು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೊರಟ. ನನ್ನನ್ನೂ ಕರೆದ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತರು. ದಾರಿಯುದ್ದಕ್ಕೂ ಇದ್ದ ಚೇಷ್ಟೆ, ನಗು ಅಲ್ಲಿ ಬಂದು ತೆಪ್ಪಗಾಯಿತು. ಎಲ್ಲರಿಗಿಂತ ಹಿರಿಯ ಗುಡೂರಿನ ಯಮನಪ್ಪ ಬಾಗಿಲವರೆಗೆ ಹೋಗಿ ತಿರುಗಿ ಬಂದ.

"ನಾ ಒಲ್ಲೆರಿ ಧಣ್ಯಾರ. ಗೊತ್ತಾದ್ರ ಏನ್ ಮಾಡೂದೈತ್ರಿ? ಬರೇ ಅಂಜಿಕಿ."

"ನನಗೂ ಅಂಜಿಕಿ ಐತಿ ಯಮನಪ್ಪ," ಎಂದ ಸಂಗಪ್ಪ. "ಅಂಜಿಕೋತ ಒಳಗ ಹೋಗು. ಏನ ಬಂದ್ರೂ ನಿನ್ನ ಔಷಧ ನಂದು. ಧೂಳಿನ ಕೆಲಸ ನಿನಗಿನ್ನ ಇಲ್ಲ. ನನ್ನ ಬಾಜೂಕ ಒಂದ ಕುರ್ಚಿ ಹಾಕಸ್ತೇನಿ, ಇಬ್ಬರೂ ಕೂಡಿ ಕೂಗೂಣು."

ಯಮನಪ್ಪ ಅವನ ಮುಖ ನೋಡಿದ. ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಕೈಗಿತ್ತು, "ಹಿಡೀರಿ ಅಕ್ಕಾರ" ಎಂದು, ಅಂಗಿಯ ಗುಂಡಿ ಬಿಚ್ಚುತ್ತಾ ಒಳಗೆ ಹೋದ. ಬಾಗಿಲು ಮುಚ್ಚಿತು. ಒಳಗಿನಿಂದ ಹುಡುಗಿಯೊಬ್ಬಳ ದನಿ ಕೇಳಿತು.

"ಉಸಿರ ಜೋರ ಜಗ್ಗ್ರಿ ಕಾಕಾ. ಹಿಡೀರಿ. ಹಂಗ ಹಿಡೀರಿ."

ಬೆಂಚಿನ ಮೇಲೆ ಯಾರೂ ಅಲುಗಾಡಲಿಲ್ಲ.

"ಹಾಂ, ಈಗ ಬಿಡ್ರಿ," ಎಂದಿತು ದನಿ. ಸಾಲಿನ ತುದಿಯಿಂದ ತುದಿಗೆ, ಸಂಗಪ್ಪ, ನಾನು, ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.